ಸಡಿಲ ಗಂಟು: ದುರಂತ ಪ್ರೇಮಕಥೆ ಬರೆದ ನನ್ನ ಅನುಭವ

ನನ್ನ ಕಥೆಯ ನಾಯಕ ದೋಣಿ ನಡೆಸುವವನು, ನಾಯಕಿ ಬಟ್ಟೆ ಹೊಲಿಯುವವಳು. ಕೊನೆಯಲ್ಲಿ ಅವನು ತುಂಬಿದ ಹೊಳೆಯ ಪಾಲಾಗುತ್ತಾನೆ. ಆ ಸಾವು ಎಲ್ಲಿಂದಲೋ ಬಂದೆರಗಿದಂತೆ ಕಾಣಬಾರದೆಂದು ಮೊದಲ ಕರಡಿನಲ್ಲಿ ಅಪಶಕುನಗಳನ್ನು ಸಾಲುಸಾಲಾಗಿ ತುಂಬಿದ್ದೆ: ದೀಪ ಆರಿತು, ಕನ್ನಡಿ ಒಡೆಯಿತು, ಕೆಟ್ಟ ಕನಸು ಬಿತ್ತು. ಓದಿದ ಗೆಳತಿಯೊಬ್ಬರು ಮೂರನೆಯ ಪುಟದಲ್ಲೇ, ‘ಇವನು ಸಾಯುತ್ತಾನಲ್ಲವೇ?’ ಎಂದು ಕೇಳಿದರು. ಅಂತ್ಯ ತಿಳಿದುಹೋಯಿತೆಂಬುದಕ್ಕಿಂತ, ತಿಳಿದ ಮೇಲೂ ಅವರಿಗೆ ಆತಂಕವಾಗಲಿಲ್ಲವೆಂಬುದು ನನ್ನನ್ನು ಹೆಚ್ಚು ಕಾಡಿತು.

ಅಂತ್ಯ ತಿಳಿಯುವುದೇ ದೋಷವಾಗಿದ್ದರೆ ಶೇಕ್ಸ್‌ಪಿಯರ್‌ನ ‘ರೋಮಿಯೊ ಅಂಡ್ ಜೂಲಿಯೆಟ್’ ನಿಲ್ಲುತ್ತಲೇ ಇರಲಿಲ್ಲ. ಅದರ ಆರಂಭದಲ್ಲಿರುವ 14 ಸಾಲುಗಳ ಸುನೀತವೇ ಪ್ರೇಮಿಗಳಿಬ್ಬರೂ ಸಾಯುವರೆಂದು ಹೇಳಿಬಿಡುತ್ತದೆ. ಅದೇ ನಾಟಕದ 3ನೆಯ ಅಂಕದ 5ನೆಯ ದೃಶ್ಯವನ್ನು ನಾನು ಮತ್ತೆ ಮತ್ತೆ ಓದಿದೆ. ನಸುಕಿನಲ್ಲಿ ಮಹಡಿಯಿಂದ ಇಳಿದು ನಿಂತ ರೋಮಿಯೊ, ಮೇಲಿನಿಂದ ನೋಡುವ ಜೂಲಿಯೆಟ್‌ಳ ಕಣ್ಣಿಗೆ ಗೋರಿಯ ತಳದಲ್ಲಿರುವ ಹೆಣದಂತೆ ಕಾಣುತ್ತಾನೆ. ಆ ಉಪಮೆ ಹೊರಗಿನಿಂದ ತಂದು ಅಂಟಿಸಿದ್ದಲ್ಲ. ಅವನು ಕೆಳಗಿದ್ದಾನೆ, ಅವಳು ಮೇಲಿದ್ದಾಳೆ, ಬೆಳಕು ಮಸುಕಾಗಿದೆ, ಅಷ್ಟರಿಂದಲೇ ಹುಟ್ಟಿದೆ. ಅವಳು ಮುಂದೆ ಅವನನ್ನು ನೋಡುವುದು ಗೋರಿಯೊಳಗೆ, ಹೆಣವಾಗಿಯೇ.

ಹಾಗಾಗಿ ಶಕುನಗಳನ್ನೆಲ್ಲ ಹೊಡೆದುಹಾಕಿ, ಒಂದು ಗಂಟನ್ನು ಮಾತ್ರ ಇಟ್ಟುಕೊಂಡೆ. ಪರಿಚಯದ ಮೊದಲ ದಿನಗಳಲ್ಲಿ ಅವನು ದೋಣಿಯ ಹಗ್ಗವನ್ನು ಗೂಟಕ್ಕೆ ಕಟ್ಟುತ್ತಿರುವಾಗ ಅವಳು, ‘ಇದೂ ಒಂದು ಗಂಟೇ?’ ಎಂದು ನಕ್ಕು, ಬಿಚ್ಚಿ, ತಾನೇ ಬಿಗಿದು ಕಟ್ಟುತ್ತಾಳೆ. ಅಲ್ಲಿ ಅದು ಸರಸ ಮಾತ್ರ. ಅವಳ ಬೆರಳಿನ ಚಳಕವನ್ನು ಅವನು ಮೊದಲ ಬಾರಿಗೆ ನೋಡುವ ಗಳಿಗೆ. ನಡುವೆ ಒಮ್ಮೆ, ಬೇರೇನನ್ನೋ ಹೇಳುವ ವಾಕ್ಯದೊಳಗೆ, ಸಂಜೆ ಅವಳೇ ಹಗ್ಗ ಕಟ್ಟಿ ಹೋಗುವಳೆಂದು ಸೇರಿಸಿದೆ. ಮುನ್ಸೂಚನೆಗೆ ತಾನಿರುವ ಜಾಗದಲ್ಲೇ ಒಂದು ಕೆಲಸವಿದ್ದರೆ ಓದುಗರು ಅದನ್ನು ಅನುಮಾನಿಸುವುದಿಲ್ಲವೆಂಬುದು ನನಗೆ ಮನವರಿಕೆಯಾದದ್ದು ಇಲ್ಲಿಯೇ.

ಅಲಂಕಾರಗಳ ವಿಷಯದಲ್ಲಿಯೂ ಇದೇ ದಾರಿ ಹಿಡಿದೆ. ‘ಸಾಗರದಷ್ಟು ಆಳವಾದ ಪ್ರೀತಿ’ ಯಾರ ಕಥೆಯಲ್ಲಿಯಾದರೂ ಇರಬಹುದಾದ ಮಾತು. ಅದರ ಬದಲು, ‘ಸೂಜಿಯ ಹಿಂದೆ ದಾರ ಹೋಗುವಂತೆ ಅವಳ ಕಣ್ಣು ದೋಣಿಯ ಹಿಂದೆ ಹೋಯಿತು’ ಎಂದು ಬರೆದಾಗ, ದಾರ ಎಲ್ಲಿಯೋ ಮುಗಿಯಲೇಬೇಕೆಂಬ ಅಳುಕು ನಾನು ಹೇಳದೆಯೇ ಅಲ್ಲಿ ಬಂದು ಕುಳಿತಿತು.

ಕೊನೆಯ ದೃಶ್ಯವನ್ನು ಐದು ಸಲ ತಿದ್ದಿದೆ. ಹೊಳೆಯನ್ನು ಹಸಿದ ಹುಲಿಗೆ ಹೋಲಿಸಿದ್ದ ಸಾಲು ನನಗೆ ಬಹಳ ಪ್ರಿಯವಾಗಿತ್ತು. ಆದರೆ ಅದು ಓದುಗರ ಕಣ್ಣನ್ನು ಅವನಿಂದ ನನ್ನ ಭಾಷೆಯತ್ತ ಸೆಳೆಯುತ್ತಿದ್ದುದರಿಂದ ತೆಗೆದೆ. ಈಗ ಅಲ್ಲಿ ಒಂದೂ ಹೋಲಿಕೆಯಿಲ್ಲ. ಮನೆಯವರು ಅವಳನ್ನು ಹೊರಗೆ ಬಿಡದ ರಾತ್ರಿ ಅವನೇ ಹಗ್ಗ ಕಟ್ಟುತ್ತಾನೆ. ನೀರು ಏರುತ್ತದೆ, ದೋಣಿ ಕಳಚಿಕೊಳ್ಳುತ್ತದೆ, ಅದನ್ನು ಹಿಡಿಯಲು ಅವನು ಹೊಳೆಗೆ ಧುಮುಕುತ್ತಾನೆ. ಬೆಳಗ್ಗೆ ಅವಳು ಬಂದು ನೋಡುವಾಗ ಗೂಟ ಮಾತ್ರ ಇದೆ.