ವರ್ಷಕ್ಕೆ ಏಳು ರಾತ್ರಿ: ಹಾಲಿಡೇ ಮೆಂಬರ್‌ಶಿಪ್ ಬೇಕಾ ಬೇಡ್ವಾ ಅಂತ ನಾವು ಲೆಕ್ಕ ಹಾಕಿದ್ದು

ಹಾಲಿಡೇ ಮೆಂಬರ್‌ಶಿಪ್ ಅಂದರೆ ಮೊದಲೇ ದೊಡ್ಡ ಮೊತ್ತ ಕಟ್ಟಿ, ಆಮೇಲೆ ವರ್ಷಕ್ಕೆ ಇಷ್ಟು ರಾತ್ರಿ ಅಂತ ಕಂಪನಿಯ ರೆಸಾರ್ಟುಗಳಲ್ಲಿ ಉಳಿಯುವ ಏರ್ಪಾಡು. ಅದನ್ನು ಮಾರುವವರು ಮೊದಲು ಹೇಳುವುದು ಒಂದು ರಾತ್ರಿಯ ರೇಟು. ನಮಗೆ ಹೇಳಿದ್ದು 2,171 ರೂಪಾಯಿ. ಅದೇ ಕಾಗದ ತಿರುಗಿಸಿ ಹಿಂದೆ ನಾನು ಲೆಕ್ಕ ಹಾಕಿದಾಗ ಬಂದಿದ್ದು 8,551. ಇಬ್ಬರೂ ಗುಣಾಕಾರ ಭಾಗಾಕಾರ ಸರಿಯಾಗೇ ಮಾಡಿದ್ದೆವು. ಅವರು ಕೆಲವು ಖರ್ಚು ಬರೆದೇ ಇರಲಿಲ್ಲ, ಅಷ್ಟೇ.

ನಾನು ಶಿವಮೊಗ್ಗದಲ್ಲಿ ಒಂದು ಸೊಸೈಟಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ತೀರ್ಥಹಳ್ಳಿ ಹತ್ತಿರ ಮಾವನವರ ಅಡಿಕೆ ತೋಟ. ನಮ್ಮನೆಯವರು ಇಲ್ಲಿಂದಲೇ ಓಡಾಡಿಕೊಂಡು ತೋಟ ನೋಡಿಕೊಳ್ಳುತ್ತಾರೆ. ಇಬ್ಬರು ಮಕ್ಕಳು, ಇಬ್ಬರೂ ಸ್ಕೂಲು. ಟೂರು ಹೋಗೋಕೆ ಇಷ್ಟ ಇಲ್ಲ ಅಂತಲ್ಲ, ಬಿಡುವಾಗೋದೇ ಕಷ್ಟ. ಹಾಗಾಗಿ "ಒಂದು ಸಲ ದುಡ್ಡು ಕಟ್ಟಿಬಿಟ್ಟರೆ ವರ್ಷಾ ವರ್ಷಾ ಹೋಗೇ ಹೋಗ್ತೀರಿ" ಅನ್ನುವ ಮಾತು ನಮ್ಮಂಥವರಿಗೆ ಬೇಗ ತಾಗುತ್ತದೆ.

ಮಾಲಿನಲ್ಲಿ ಲಕ್ಕಿ ಡ್ರಾ ಅಂತ ಒಂದು ಚೀಟಿ ತುಂಬಿದ್ದೆವು. ಆಮೇಲೆ ಫೋನು ಬಂತು. ಗಿಫ್ಟ್ ಬಂದಿದೆ, ಗಂಡ ಹೆಂಡತಿ ಇಬ್ಬರೂ ಬರಬೇಕು. ಇಬ್ಬರೂ ಯಾಕೆ ಅಂತ ಹೋಟೆಲಿನ ಹಾಲ್‌ನಲ್ಲಿ ಕೂತ ಮೇಲೆ ಗೊತ್ತಾಯಿತು. ಒಬ್ಬರೇ ಹೋದರೆ "ಮನೆಯಲ್ಲಿ ಕೇಳಿ ಹೇಳ್ತೀನಿ" ಅಂತ ಎದ್ದು ಬರಬಹುದು, ಇಬ್ಬರೂ ಇದ್ದರೆ ಆ ದಾರಿ ಇಲ್ಲ. ಪಕ್ಕದ ಟೇಬಲ್‌ನಲ್ಲಿ ಯಾರೋ ಸಹಿ ಹಾಕಿದರೆ ಎಲ್ಲರೂ ಚಪ್ಪಾಳೆ. ನಮ್ಮ ಎದುರಿಗಿದ್ದ ಹುಡುಗ ಒಳ್ಳೆಯವನೇ, ಪಾಪ. ಮಕ್ಕಳ ಹೆಸರು ಕೇಳಿ ನೆನಪಿಟ್ಟುಕೊಂಡು ಮಾತಾಡುತ್ತಿದ್ದ. ಬಿಳಿ ಹಾಳೆ ತೆಗೆದು ದೊಡ್ಡದಾಗಿ ಬರೆದ: 3,80,000. ಕೆಳಗೆ 25 ವರ್ಷ, ವರ್ಷಕ್ಕೆ 7 ರಾತ್ರಿ, ಒಟ್ಟು 175. ಭಾಗಿಸಿದರೆ 2,171. "ಮೇಡಂ, ಈ ರೇಟಿಗೆ ಶಿವಮೊಗ್ಗದ ಬಸ್‌ಸ್ಟ್ಯಾಂಡ್ ಹತ್ತಿರ ಲಾಡ್ಜೂ ಸಿಗಲ್ಲ." ರೇಟು ಇವತ್ತಿಗೆ ಮಾತ್ರ, ನಾಳೆ ಇಲ್ಲ.

ನಾನು ಆ ಹಾಳೆಯನ್ನೇ ಕೇಳಿ ಮನೆಗೆ ತಂದೆ. ಕೊಡೋಕೆ ಸ್ವಲ್ಪ ಹಿಂದೆ ಮುಂದೆ ನೋಡಿದ, ಆಮೇಲೆ ಕೊಟ್ಟ. ಇಂಥ ಕಡೆ ಹೋದರೆ ನೀವೂ ಬರೆದ ಹಾಳೆ ಕೇಳಿ. ಕೊಡದಿದ್ದರೆ ಫೋಟೋ ತೆಗೆದುಕೊಳ್ಳಿ.

ಲೆಕ್ಕಕ್ಕೆ ಬರುತ್ತೇನೆ. 3,80,000ದ ಮೇಲೆ 18% ಜಿಎಸ್‌ಟಿ. ಅದು 68,400. ಅಲ್ಲಿಗೆ ಹತ್ತಿರ ಹತ್ತಿರ ನಾಲ್ಕೂವರೆ ಲಕ್ಷ, ಲೆಕ್ಕಕ್ಕೆ ಅಷ್ಟೇ ಹಿಡಿದೆ. ಈ ದುಡ್ಡು ನಮ್ಮ ಕೈಯಲ್ಲೇ ಇದ್ದು 7% ಬಡ್ಡಿಗೆ ಇಟ್ಟಿದ್ದರೆ, ಅಸಲು ಬಡ್ಡಿ ಎರಡೂ ಸೇರಿ ಸರಿಯಾಗಿ 25 ವರ್ಷಕ್ಕೆ ಮುಗಿಯುವ ಹಾಗೆ ವರ್ಷಕ್ಕೆ ಎಷ್ಟು ತೆಗೆಯಬಹುದು? 38,615. ಸಾಲದ ಕಂತು ಹಾಕುವ ಲೆಕ್ಕವೇ ಇದು, ಎಕ್ಸೆಲ್‌ನಲ್ಲಿ ಪಿಎಂಟಿ ಅಂತ ಕೊಟ್ಟರೆ ಬರುತ್ತದೆ. ಬಡ್ಡಿ ಮೇಲಿನ ತೆರಿಗೆ ನಾನು ಹಿಡಿದಿಲ್ಲ. ಅಂದರೆ ಮೆಂಬರ್‌ಶಿಪ್‌ಗೆ ಕೊಟ್ಟ ದುಡ್ಡು ನಮ್ಮಿಂದ ವರ್ಷಕ್ಕೆ 38,615 ಕಿತ್ತುಕೊಂಡ ಹಾಗೆ.

ಅದರ ಮೇಲೆ ವರ್ಷದ ಮೇಂಟೆನೆನ್ಸ್ ಫೀ. ಇದನ್ನು ಆ ಹುಡುಗ ಹಾಳೆಯಲ್ಲಿ ಬರೆಯಲೇ ಇಲ್ಲ, ಕೇಳಿದ ಮೇಲೆ ಹೇಳಿದ್ದು: 18,000, ಅದಕ್ಕೂ ಜಿಎಸ್‌ಟಿ, ಒಟ್ಟು 21,240. ಹೋಗಲಿ ಬಿಡಲಿ ಕಟ್ಟಬೇಕು. ಕಟ್ಟದಿದ್ದರೆ ಬುಕಿಂಗ್ ಇಲ್ಲ. ಎರಡೂ ಕೂಡಿದರೆ ವರ್ಷಕ್ಕೆ 59,855. ಏಳರಿಂದ ಭಾಗಿಸಿದರೆ ರಾತ್ರಿಗೆ 8,551. ಅದೂ ಏಳಕ್ಕೆ ಏಳೂ ರಾತ್ರಿ ಹೋದರೆ. ನಾಲ್ಕೇ ರಾತ್ರಿ ಹೋಗೋಕೆ ಆಯಿತು ಅಂದರೆ 14,964. ಊಟ ತಿಂಡಿ, ಪೆಟ್ರೋಲು ಬೇರೆ.

ನ್ಯಾಯವಾಗಿ ಇನ್ನೊಂದು ಮಾತು ಹೇಳಬೇಕು. ರೂಮಿನ ಬಾಡಿಗೆಯೂ ವರ್ಷ ವರ್ಷ ಏರುತ್ತದೆ, ಆದರೆ ನಾವು ಮೊದಲೇ ಕಟ್ಟಿದ ದುಡ್ಡು ಏರುವುದಿಲ್ಲ. ಹಾಗಾಗಿ ಮೆಂಬರ್‌ಶಿಪ್ ಯಾವತ್ತೂ ನಷ್ಟ ಅನ್ನೋಕೆ ಬರುವುದಿಲ್ಲ. ಇವತ್ತು 6,000 ಇರುವ ರೂಮು ವರ್ಷಕ್ಕೆ 6% ಏರಿತು, ಫೀ ಕೂಡ ಅಷ್ಟೇ ಏರಿತು ಅಂದುಕೊಂಡು ನೋಡಿದೆ. ಹನ್ನೊಂದನೇ ವರ್ಷದವರೆಗೆ ರೂಮು ಬಾಡಿಗೆಗೆ ಹಿಡಿಯುವುದೇ ಅಗ್ಗ. ಹನ್ನೆರಡನೇ ವರ್ಷದಿಂದ ಮೆಂಬರ್‌ಶಿಪ್ ಅಗ್ಗ. ಬೆಂಗಳೂರಿನಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದು, ಹೇಗಿದ್ದರೂ ವರ್ಷಕ್ಕೆ ಒಂದು ವಾರ ಅಂಥ ರೆಸಾರ್ಟಿಗೇ ಹೋಗುವವರಿಗೆ ಇದು ಹೊಂದಬಹುದು.

ಆದರೆ ನಾವು ಎಂಥ ರೂಮಿನಲ್ಲಿ ಉಳಿಯುವವರು? ಇದನ್ನು ಮಾತ್ರ ಯಾವ ಕಂಪನಿಯೂ ಕೇಳುವುದಿಲ್ಲ. ಹಿಂದಿನ ಟೂರುಗಳ ಬಿಲ್ ತೆಗೆದು ನೋಡಿದೆ. 3,000ದ ಒಳಗಿನ ರೂಮುಗಳೇ. ಈಗ ಆ ಫೀ ಕಡೆ ಮತ್ತೆ ನೋಡಿ: 21,240 ಭಾಗಿಸು ಏಳು, 3,034. ಬರೀ ಫೀ ದುಡ್ಡಿನಲ್ಲೇ ನಮ್ಮ ರೂಮು ಬರುತ್ತದೆ! ನಾಲ್ಕೂವರೆ ಲಕ್ಷ ಪೂರ್ತಿ ಮೇಲುಖರ್ಚು. ಎರಡೂ ಒಂದೇ ಸಮ ಏರುತ್ತಾ ಹೋದರೆ 25 ವರ್ಷ ಆದರೂ ಅದು ಹುಟ್ಟುವುದಿಲ್ಲ. ನನ್ನ ಮಟ್ಟಿಗೆ ಇಲ್ಲಿಗೇ ಮುಗಿದಿತ್ತು. ನಮ್ಮನೆಯವರಿಗೆ ಮುಗಿದಿರಲಿಲ್ಲ. "ಒಳ್ಳೆ ಜಾಗದಲ್ಲಿ ಉಳಿಯೋಕೆ ನಮಗೇನು ಯೋಗ್ಯತೆ ಇಲ್ವಾ?" ಅಂದರು. ಅದೂ ಸರಿಯೇ, ಬಿಲ್ ನೋಡಿ ಬದುಕೋಕೆ ಆಗುತ್ತಾ?

ಅದಕ್ಕೆ, ಹೋಗೋಕೆ ಬಿಡುವಾಗೋದು ಯಾವಾಗ ಅಂತ ನೋಡೋಕೆ ಗೋಡೆ ಮೇಲಿನ ಕ್ಯಾಲೆಂಡರ್ ಇಳಿಸಿಕೊಂಡು ಕೂತೆವು. ಈ ಮೆಂಬರ್‌ಶಿಪ್‌ಗಳಲ್ಲಿ ವರ್ಷವನ್ನು ಸೀಸನ್‌ಗಳಾಗಿ ಭಾಗ ಮಾಡಿರುತ್ತಾರೆ, ಕೆಲವು ಕಡೆ ಬಣ್ಣದ ಹೆಸರು. ಜನ ಮುಗಿಬೀಳುವ ವಾರಗಳಿಗೆ ರೇಟು ಜಾಸ್ತಿ, ಖಾಲಿ ಹೊಡೆಯುವ ವಾರಗಳಿಗೆ ಕಮ್ಮಿ. ಮೇಲಿನ ಸೀಸನ್ ತಗೊಂಡವರು ಕೆಳಗಿನದಕ್ಕೆ ಹೋಗಬಹುದು, ಕೆಳಗಿನವರು ಮೇಲಕ್ಕೆ ಹೋಗೋಕೆ ಆಗುವುದಿಲ್ಲ. ನಮಗೆ 3,80,000 ಹೇಳಿದ್ದು ಮಧ್ಯದ್ದು.

ಜೂನ್‌ನಿಂದ ಶುರು ಮಾಡಿದೆವು. ಮಳೆ. ತೋಟಕ್ಕೆ ಕೊಳೆ ರೋಗದ ಕಾಲ. ಮಳೆ ಹಿಡಿಯುವ ಮುಂಚೆ ಒಂದು ಸಲ ಅಡಿಕೆ ಗೊನೆಗೆ ಬೋರ್ಡೋ ದ್ರಾವಣ ಹೊಡೆದಿರಬೇಕು, ತಿಂಗಳು ನಲವತ್ತು ದಿನಕ್ಕೆ ಮತ್ತೊಂದು ಸಲ. ಮೈಲುತುತ್ತ, ಸುಣ್ಣ ತಂದಿಟ್ಟುಕೊಂಡರೆ ಆಗಲಿಲ್ಲ, ಮಳೆ ಹೊಳವಾಗಬೇಕು, ಆ ದಿನವೇ ಮರ ಹತ್ತುವ ಕೊನೆಗಾರರೂ ಸಿಗಬೇಕು. ಅವರು ಬರ್ತೀನಿ ಅಂದ ದಿನ ನಾವು ಮುನ್ನಾರ್‌ನಲ್ಲಿ ಇದ್ದರೆ ಆ ವರ್ಷದ ಫಸಲು ಗೋವಿಂದ. ಜುಲೈ, ಆಗಸ್ಟ್ ಹೋಯಿತು. ಸೆಪ್ಟೆಂಬರ್ ಅಂದರೆ ಹಬ್ಬ, ಮಕ್ಕಳ ಪರೀಕ್ಷೆ. ಅಕ್ಟೋಬರ್‌ನಲ್ಲಿ ದಸರಾ ರಜೆ ಇದೆ, ಆದರೆ ನವರಾತ್ರಿಗೆ ಊರಿನ ಮನೆ ಬಿಟ್ಟು ಹೋಗುವ ಹಾಗಿಲ್ಲ, ಹಿಂದೆಯೇ ಭೂಮಿ ಹುಣ್ಣಿಮೆ. ನವೆಂಬರ್‌ನಿಂದ ಅಡಿಕೆ ಕೊನೆ ಕೊಯ್ಲು. ಸುಲಿಯೋದು, ಬೇಯಿಸೋದು, ಒಣಗಿಸೋದು. ಅಂಗಳದ ತುಂಬ ಅಡಿಕೆ ಹರಡಿಕೊಂಡು ಯಾರು ರೆಸಾರ್ಟಿಗೆ ಹೋಗ್ತಾರೆ? ಫೆಬ್ರವರಿ, ಮಾರ್ಚ್ ಮತ್ತೆ ಪರೀಕ್ಷೆ, ನನಗೆ ವರ್ಷಾಂತ್ಯದ ಲೆಕ್ಕ.

ಉಳಿದದ್ದು ಏಪ್ರಿಲ್ ಎರಡನೇ ವಾರದಿಂದ ಮೇ ಮೂರನೇ ವಾರದವರೆಗೆ. ಅದರೊಳಗೇ ಮದುವೆ, ಉಪನಯನ, ಗೃಹಪ್ರವೇಶ. ಆ ತಿಂಗಳಲ್ಲೇ ಇಡೀ ದೇಶಕ್ಕೆ ರಜೆ, ಗಿರಿಧಾಮಗಳಿಗೆ ಪೂರ್ತಿ ಮೇಲಿನ ಸೀಸನ್. ನಮಗೆ ಹೇಳಿದ ಮಧ್ಯದ ಸೀಸನ್‌ನಲ್ಲಿ ಆ ವಾರಗಳು ಇರಲೇ ಇಲ್ಲ. ಅವು ಬೇಕೆಂದರೆ ಇನ್ನೂ ದುಡ್ಡು ಹಾಕಬೇಕು. ಕಮ್ಮಿ ರೇಟಿಗೆ ಸಿಗುವ ವಾರಗಳೆಲ್ಲ ನಮ್ಮ ಬೋರ್ಡೋ ವಾರಗಳು. ಅಡಿಕೆ ಬೆಳೆಯುವ ಮನೆಯವರು ಇದೊಂದನ್ನು ನೋಡಿದರೂ ಸಾಕು, ಪಿಎಂಟಿ ಎಲ್ಲ ಆಮೇಲೆ.

ಇನ್ನೊಂದು ತಮಾಷೆ. ಮೆಂಬರ್‌ಶಿಪ್ ಪುಸ್ತಕದಲ್ಲಿದ್ದ ಚಿತ್ರಗಳಲ್ಲಿ ಅರ್ಧಕ್ಕರ್ಧ ಮಂಜು, ಮಳೆ, ಕಾಫಿ ಗಿಡ, ಹಂಚಿನ ಮನೆ. ನನ್ನ ಮಗಳು ನೋಡಿ, "ಇದು ಅಜ್ಜನ ಮನೆ ಅಲ್ವಾ?" ಅಂದಳು. ಆಗುಂಬೆಯ ಮಳೆ ನೋಡೋಕೆ, ಜೋಗಕ್ಕೆ, ಕೊಡಚಾದ್ರಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅವರಿಗೆ ಅದು ಬೇಕು. ನಮ್ಮ ಮಕ್ಕಳಿಗೆ ಬೇಕಾದದ್ದು ಸಮುದ್ರ, ರೈಲು ಮತ್ತು ಬೆಳಿಗ್ಗೆ ಎಂಟರವರೆಗೆ ನಿದ್ದೆ.

ರೂಮು ನಿಜವಾಗಿ ಸಿಗುತ್ತದಾ? ಹೋಟೆಲಿನಲ್ಲೇ ಕೇಳಿದ್ದೆ. "ಏಪ್ರಿಲ್ ಕೊನೆ ವಾರ, ಸಮುದ್ರದ ಪಕ್ಕ ಎಲ್ಲಿ ಖಾಲಿ ಇದೆ, ತೋರಿಸಿ." ಅದು ಮೆಂಬರ್‌ಗಳಿಗೆ ಮಾತ್ರ ಕಾಣಿಸುತ್ತದೆ ಅಂದ. ಸರಿ, ಮೆಂಬರ್ ಆಗಿರುವ ಒಬ್ಬರನ್ನು ಹುಡುಕಿದೆ. ನಮ್ಮ ಆಫೀಸಿನಲ್ಲೇ ಸಿಕ್ಕರು, ಹಳೆ ಮೆಂಬರ್. ಊಟದ ಹೊತ್ತಿನಲ್ಲಿ ಅವರ ಮೊಬೈಲಿನಲ್ಲಿ ನೋಡಿದೆವು. ಜುಲೈ ಎಲ್ಲಿ ಬೇಕಾದರೂ ಇದೆ. ಮೇ ತಿಂಗಳು ಒತ್ತಿದರೆ ಸಾಲಾಗಿ ಇಲ್ಲ, ಇಲ್ಲ, ಇಲ್ಲ. "ಬುಕಿಂಗ್ ತೆರೆದ ದಿನವೇ ಕೂರಬೇಕಮ್ಮ, ಆಮೇಲೆ ನೋಡಿದರೆ ಏನೂ ಇರಲ್ಲ" ಅಂದರು. ಅವರಿಗೇನೂ ಬೇಜಾರಿಲ್ಲ. ನಿವೃತ್ತಿ ಹತ್ತಿರ, ಮಕ್ಕಳು ದೊಡ್ಡವರು, ಗಂಡ ಹೆಂಡತಿ ಇಬ್ಬರೇ ಮಳೆಗಾಲದಲ್ಲಿ ಆರಾಮಾಗಿ ಹೋಗಿ ಬರುತ್ತಾರೆ. ಸಹಿ ಹಾಕುವ ಮುಂಚೆ ಇಂಥ ಒಬ್ಬರ ಪಕ್ಕ ಕೂತು, ನಮಗೆ ಬೇಕಾದ ವಾರ ಒತ್ತಿ ನೋಡುವುದಕ್ಕೆ ಹತ್ತು ನಿಮಿಷ ಸಾಕು.

ಮಾವನವರು ಕೇಳಿದ್ದು ಒಂದೇ ಪ್ರಶ್ನೆ. "ದುಡ್ಡು ಕೊಟ್ಟ ಮೇಲೆ ಪಹಣಿ ಯಾರ ಹೆಸರಿಗೆ ಬರುತ್ತೆ?" ನಾವು ನಕ್ಕೆವು, ಆದರೆ ಕೇಳಬೇಕಾದದ್ದೇ ಅದು. ಇಂಥ ಮೆಂಬರ್‌ಶಿಪ್‌ಗೆ ಟೈಮ್‌ಶೇರ್ ಅಂತಲೂ ಹೆಸರು. ಅದು ಶುರುವಾದದ್ದು 1960ರ ದಶಕದ ಯುರೋಪಿನಲ್ಲಿ, ಒಂದೇ ರೂಮಿನ ವರ್ಷವನ್ನು ಹಲವರು ವಾರ ವಾರ ಹಂಚಿಕೊಳ್ಳುವ ಏರ್ಪಾಡು. ಅಮೆರಿಕದಲ್ಲಿ ಆ ವಾರವನ್ನು ಆಸ್ತಿಯಂತೆ ನೋಂದಣಿ ಮಾಡಿಕೊಡುವ ಪದ್ಧತಿಯೂ ಇದೆ. ನಮ್ಮಲ್ಲಿ ಸಾಮಾನ್ಯವಾಗಿ ಮಾರುವುದು ಉಳಿಯುವ ಹಕ್ಕು ಮಾತ್ರ. ಪಹಣಿ ಇಲ್ಲ, ಖಾತೆ ಇಲ್ಲ, ಅಡ ಇಟ್ಟು ಸಾಲ ತೆಗೆಯೋಕೆ ಬರುವುದಿಲ್ಲ. 25 ವರ್ಷ ಆದ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ. "ಅಂದ್ರೆ ಗೇಣಿ," ಅಂದರು ಮಾವ. ಅಲ್ಲಿಗೆ ಅವರ ಕಡೆಯಿಂದ ತೀರ್ಮಾನ ಆಯಿತು.

ಯುರೋಪಿನ ದೇಶಗಳಲ್ಲಿ ಸಹಿ ಹಾಕಿದ ಮೇಲೂ 14 ದಿನದೊಳಗೆ ಬೇಡ ಅನ್ನುವುದಕ್ಕೆ ಕಾನೂನೇ ಇದೆ. ನಮ್ಮಲ್ಲಿ ಇದಕ್ಕೇ ಅಂತ ಪ್ರತ್ಯೇಕ ಕಾನೂನು ಇಲ್ಲ, ಕರಾರಿನಲ್ಲಿ ಎಷ್ಟು ದಿನ ಬರೆದಿದ್ದಾರೋ ಅಷ್ಟೇ. ಅದಕ್ಕೆ ರದ್ದು ಮಾಡುವ ಕಲಮು ಮೊದಲು ಓದಿ, ಹಾಲ್‌ನಲ್ಲಿ ಬಾಯಲ್ಲಿ ಹೇಳಿದ್ದನ್ನೆಲ್ಲ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಈಗಾಗಲೇ ಸಹಿ ಹಾಕಿ ಒದ್ದಾಡುತ್ತಿರುವವರಿಗೆ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿ ಎಲ್ಲೇ ಇರಲಿ, ಶಿವಮೊಗ್ಗದವರು ಶಿವಮೊಗ್ಗದ ಗ್ರಾಹಕ ಆಯೋಗಕ್ಕೇ ಹೋಗಬಹುದು.

ಬೇಡ ಅಂತ ಫೋನ್ ಮಾಡಿ ಹೇಳಿದೆವು. ಆ ಕಡೆಯಿಂದ ಅವರ ಮ್ಯಾನೇಜರ್ ಮಾತಾಡಿದರು. 60,000 ಇಳಿಸಿದರು, "ಇವತ್ತಿಗೆ ಮಾತ್ರ" ಅನ್ನುತ್ತಿದ್ದ ರೇಟು! ಪಕ್ಕದಲ್ಲಿ ಲೆಕ್ಕ ತೆರೆದೇ ಇಟ್ಟುಕೊಂಡಿದ್ದೆ. ಜಿಎಸ್‌ಟಿ ಸೇರಿಸಿ ನೋಡಿದರೂ ರಾತ್ರಿಗೆ ಇಳಿದದ್ದು ಸುಮಾರು 870 ರೂಪಾಯಿ. ಫೀ ಹಾಗೇ ಇತ್ತು, ಮೇ ತಿಂಗಳು ಆಗಲೂ ಸಿಗುತ್ತಿರಲಿಲ್ಲ.

ಆದರೆ ನಮ್ಮನೆಯವರ ಮಾತು ಮನಸ್ಸಿನಲ್ಲೇ ಇತ್ತು. ದುಡ್ಡು ತೆಗೆದಿಡದೆ ಟೂರು ಆಗುವುದಿಲ್ಲ ಅನ್ನುವುದು ನಿಜ. ಮೆಂಬರ್‌ಶಿಪ್‌ಗೆ ವರ್ಷಕ್ಕೆ ಬೀಳುತ್ತಿದ್ದದ್ದು 59,855. ತಿಂಗಳಿಗೆ 5,000ದ ಒಂದು ಆರ್‌ಡಿ ಶುರು ಮಾಡಿದೆ, ಮಾರ್ಚ್ ಕೊನೆಗೆ ಕೈಗೆ ಬರುವ ಹಾಗೆ. ಮೊದಲ ಸಲ ಬಂದ ದುಡ್ಡಿನಲ್ಲಿ ಅತ್ತೆ ಮಾವನನ್ನೂ ಕರೆದುಕೊಂಡು ಆಗುಂಬೆ ಘಾಟಿ ಇಳಿದು ಮಲ್ಪೆಗೆ, ಅಲ್ಲಿಂದ ಮುರುಡೇಶ್ವರಕ್ಕೆ ಹೋಗಿ ಬಂದೆವು. ಎರಡು ರೂಮು, ಸಮುದ್ರದ ಕಡೆಗೇ ಕಿಟಕಿ. ಮೆಂಬರ್‌ಶಿಪ್‌ನ ಒಂದೇ ಕೋಣೆಯ ಸ್ಟುಡಿಯೋ ರೂಮಿನಲ್ಲಿ ಅತ್ತೆ ಮಾವನಿಗೆ ಜಾಗವೇ ಇರುತ್ತಿರಲಿಲ್ಲ. ಆರ್‌ಡಿಯಲ್ಲಿ ಇನ್ನೂ ಉಳಿದಿತ್ತು. ಒಂದು ವರ್ಷ ಹೋಗೋಕೆ ಆಗದಿದ್ದರೆ ದುಡ್ಡು ಅಲ್ಲೇ ಇರುತ್ತದೆ, ತೋಟಕ್ಕೆ ಪಂಪ್‌ಸೆಟ್ ಕೆಟ್ಟರೆ ಅದಕ್ಕೂ ಆಗುತ್ತದೆ.

ರೆಸಾರ್ಟಿನ ಆಸೆ ಇದ್ದೇ ಇದ್ದರೆ ಇನ್ನೊಂದು ದಾರಿ ಇದೆ. ನಮ್ಮ ಆಫೀಸಿನ ಆ ಹಳೆ ಮೆಂಬರ್ ಅವರ ರಾತ್ರಿಗಳು ಕೆಲವು ವರ್ಷ ಉಳಿದುಹೋಗುತ್ತವೆ. ಅತಿಥಿ ಶುಲ್ಕ ಕಟ್ಟಿದರೆ ಬೇರೆಯವರ ಹೆಸರಿಗೆ ಬುಕ್ ಮಾಡಿಕೊಡಬಹುದಂತೆ. ಹಳೆ ಮೆಂಬರ್‌ಶಿಪ್‌ಗಳನ್ನೇ ಹೊಸದರ ರೇಟಿಗಿಂತ ಬಹಳ ಕಮ್ಮಿಗೆ ಮಾರುವವರೂ ಇದ್ದಾರೆ. ಅಂಥದ್ದು ತಗೊಳ್ಳುವವರು ದುಡ್ಡು ಕೊಡುವ ಮುಂಚೆ ಕಂಪನಿಯಿಂದಲೇ ಬರವಣಿಗೆಯಲ್ಲಿ ತರಿಸಿಕೊಳ್ಳಬೇಕು: ಎಷ್ಟು ವರ್ಷ ಉಳಿದಿದೆ, ಫೀ ಬಾಕಿ ಎಷ್ಟಿದೆ, ಹೆಸರು ಬದಲಾಯಿಸೋಕೆ ಎಷ್ಟು ಕಟ್ಟಬೇಕು, ಬದಲಾದ ಮೇಲೆ ಸೀಸನ್ ಹಾಗೇ ಇರುತ್ತದಾ ಅಂತ. ಮಕ್ಕಳು ಕಾಲೇಜು ಮುಗಿಸಿ, ತೋಟ ಯಾರಾದರೂ ನೋಡಿಕೊಳ್ಳುವ ಹಾಗಾದರೆ ನಾವೂ ಅಂಥದ್ದೊಂದನ್ನು ವಿಚಾರಿಸಬಹುದು.