ಹೊಯ್ಗೆ ಹರಿವಾಣದ ನಾಲ್ಕು ಬತ್ತಿ

ಕ್ರಿಸ್ಮಸ್ಸಿಗೆ ಕಾಯುವ ಆಗಮನ ಕಾಲದ ನಾಲ್ಕು ಭಾನುವಾರಕ್ಕೆ ಒಂದೊಂದು ಹೊಸ ಮೇಣದ ಬತ್ತಿ ಹಚ್ಚಿ ದಿನಾ ಸಂಜೆ ಪ್ರಾರ್ಥನೆಗೆ ಕೂರುತ್ತೇವೆ ಎಂದಾಗ, "ಕಾಸರಗೋಡಿನ ಸೆಕೆಯಲ್ಲಿ ಎಂಥ ಚಳಿಗಾಲದ ಧ್ಯಾನ ಮಾರಾಯ್ರೆ?" ಎಂದವರೇ ಜಾಸ್ತಿ. ಮಾತು ಸುಳ್ಳಲ್ಲ. 1839ರಲ್ಲಿ ವಿಖೆರ್ನ್ ಎಂಬ ಪಾದ್ರಿ ಮಕ್ಕಳಿಗಾಗಿ ಗಾಡಿಚಕ್ರದ ಮೇಲೆ ಆಗಮನ ಕಾಲದ ಬತ್ತಿ ಹಚ್ಚಿದ್ದು ಜರ್ಮನಿಯ ಹ್ಯಾಂಬರ್ಗಿನಲ್ಲಿ. ಅಲ್ಲಿ ಡಿಸೆಂಬರ್ ಕೊನೆಗೆ ಹಗಲು ಏಳೂವರೆ ಗಂಟೆ, ನಮ್ಮಲ್ಲಿ ಹನ್ನೊಂದೂವರೆ. ಇಲ್ಲಿ ಕತ್ತಲೆಯನ್ನು ನಾವೇ ಮಾಡಿಕೊಳ್ಳಬೇಕು. ಅದು ತಲೆಗೆ ಹೋಗಲಿಕ್ಕೆ ಮೂರು ಡಿಸೆಂಬರ್ ಬೇಕಾಯಿತು.

ತೆಂಗಿನ ಗರಿಯ ಚಕ್ರ ಐದೇ ದಿನಕ್ಕೆ ಒಣಗಿ ಬೆಂಕಿಗೆ ತಯಾರು. ಅಡಿಕೆ ಹಾಳೆ ಮುರುಟಿತು. ನಾನೂರು ರೂಪಾಯಿ ಕೊಟ್ಟ ದಪ್ಪ ಬತ್ತಿಗಳು ಇನ್ನೂ ದಂಡ: ಮೊದಲ ಸಲ ಮೇಣ ಅಂಚಿನ ತನಕ ಕರಗದಿದ್ದರೆ ನಡುವೆ ಕುಳಿ ಬಿದ್ದು ದಾರ ಮುಳುಗುತ್ತದೆ. ಅದಕ್ಕೆ ಎರಡು ಗಂಟೆ ಉರಿಯಬೇಕು, ನಮ್ಮ ಪ್ರಾರ್ಥನೆ ಹತ್ತು ನಿಮಿಷ! ಈಗ ಹರಿವಾಣದಲ್ಲಿ ಒದ್ದೆ ಹೊಯ್ಗೆ (ಮರಳು), ಸುತ್ತ ಕ್ರೋಟನ್ ಎಲೆ, ಹತ್ತಿಂಚಿನ ಸಪೂರ ಬಿಳಿ ಬತ್ತಿ. ಬುಡಕ್ಕೆ ಮೂರು ನೇರಳೆ ರಿಬ್ಬನ್, ಮೂರನೇ ಭಾನುವಾರದ್ದಕ್ಕೆ ಗುಲಾಬಿ. ಎಲ್ಲ ಸೇರಿ ನೂರೈವತ್ತರೊಳಗೆ. ಎಲೆ ನಾಲ್ಕು ವಾರ ಬಾಡದಂತೆ ಹೊಯ್ಗೆಗೆ ಏನು ಬೆರೆಸುತ್ತೇವೆ ಎಂಬುದು ನಮ್ಮಲ್ಲೇ ಇರಲಿ.

ಬತ್ತಿ ಗಂಟೆಗೆ ಇಂಚಿನಷ್ಟು ಉರಿಯುತ್ತದೆ. 2022ರಲ್ಲಿ ಆಗಮನ ಕಾಲಕ್ಕೆ ಪೂರ್ತಿ 28 ದಿನ ಸಿಕ್ಕಿತು, ಆದರೂ ಮೊದಲ ಬತ್ತಿ ಅರ್ಧ ಉಳಿಯಿತು. 2023ರಲ್ಲಿ ನಾಲ್ಕನೇ ಭಾನುವಾರವೇ ಡಿಸೆಂಬರ್ 24. ಕೊನೆಯ ಬತ್ತಿಗೆ ಒಂದೇ ಸಂಜೆ.

ಏಳು ಗಂಟೆಗೆ ಎಲ್ಲ ದೀಪ ಬಂದ್, ರೂಟರಿನ ಹಸಿರು ಚುಕ್ಕಿ ಸಹ. ಮೂರು ನಿಮಿಷ ಮಾತಿಲ್ಲ, ಜಪವೂ ಇಲ್ಲ. ಆಮೇಲೆ ಬತ್ತಿ ಹಚ್ಚಿ ಬೈಬಲಿನ ಯೆಶಾಯ ಗ್ರಂಥದ ಒಂಬತ್ತನೇ ಅಧ್ಯಾಯದ ಮೊದಲ ಕೆಲವು ವಚನ ಮಾತ್ರ. ಇಡೀ ಅಧ್ಯಾಯ ಓದಿದಾಗ ಮಕ್ಕಳು ತೂಕಡಿಸಿದ್ದರು. ಬಳಿಕ ಒಬ್ಬೊಬ್ಬರು ಒಂದೇ ವಾಕ್ಯ: ಎಲ್ಲಿ ಕಾದು ಸಾಕಾಗಿದೆ? ವೀಸಾ, ಸಾಲ, ರಕ್ತಪರೀಕ್ಷೆ, ಏನೂ ಆಗಬಹುದು. ಉಳಿದವರು ಸಮಾಧಾನ ಹೇಳಕೂಡದು. ಹಿರಿಯರು ಪ್ರಸಂಗ ಶುರು ಮಾಡಿದ ದಿನ ಎಲ್ಲ ಕೆಟ್ಟಿತು. ಸಂಕಟ ಬಾಯಿಗೆ ಬರುವ ಮೊದಲೇ ಭರವಸೆ ಎಂದರೆ ಅದು ಬರೀ ಗ್ರೀಟಿಂಗ್ ಕಾರ್ಡು. ಎರಡನೇ, ಮೂರನೇ ಭಾನುವಾರ, ಕ್ರಿಸ್ತನಿಗೆ ದಾರಿ ಸಿದ್ಧಮಾಡಿದ ಪ್ರವಾದಿ ಸ್ನಾನಿಕ ಯೊವಾನ್ನರ ಬೈಗುಳ ಕೇಳಿಸಿಕೊಳ್ಳಿ. ಯೇಸು ಹುಟ್ಟಿದ ಕೊಟ್ಟಿಗೆಯ ನೆನಪಿನ ಗೋದಲಿಗೆ ಹುಲ್ಲು ಹಾಸುವ ಅವಸರ ಬೇಡ.

ನಡುವೆ ಹೊನ್ನೆ ಎಣ್ಣೆಯ ಹಣತೆಯನ್ನೂ ನೋಡಿದ್ದಾಯಿತು. ಹೊಗೆಗೆ ಕಣ್ಣೀರು ಬಂತು, ಭಕ್ತಿಗಲ್ಲ.

ಡಿಸೆಂಬರ್ 17ರಿಂದ 23ರವರೆಗೆ ದಿನಕ್ಕೊಂದು ಹೆಸರಿನಿಂದ ಕ್ರಿಸ್ತನನ್ನು ಕರೆಯುವ ಹಳೆಯ ಕ್ರಮ ಉಂಟಲ್ಲ, ಅದರಲ್ಲಿ 21ಕ್ಕೆ ಬರುವುದು 'ಉದಯದ ಬೆಳಕೇ' ಎಂಬ ಕರೆ. ವರ್ಷದ ಅತಿ ದೀರ್ಘ ರಾತ್ರಿಯೂ ಹೆಚ್ಚುಕಡಿಮೆ ಅದೇ. ಆ ದಿನ ಕತ್ತಲೆ ಮೂರಲ್ಲ, ಹತ್ತು ನಿಮಿಷ. ಬೆಂಕಿಪೆಟ್ಟಿಗೆ ಮೊದಲೇ ಕೈಯಲ್ಲಿರಲಿ. ಮೊಬೈಲ್ ಟಾರ್ಚ್ ಹಾಕಿ ಹುಡುಕಿದರೆ ಅಷ್ಟು ಹೊತ್ತು ಕೂತದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.