ಪೇಟಿ ಮಾಸ್ತರನ ಮನೆ: ನನ್ನ ಅನುಭವ

‘ಗಾಜಿನ ಪೆಟ್ಟಿಗೆಯಿಂದ ಹೊರಗ ತಗದ್ರ ಆರು ತಿಂಗಳದಾಗ ಪೇಟಿ ಹಾಳಾಗ್ತದ’ ಅಂದವರೇ ಈಗ ಬಂದು ನನ್ನ ಅಜ್ಜನ ಹಾರ್ಮೋನಿಯಂ ಪೇಟಿ ಬಾರಿಸಿ ಹೋಗುತ್ತಾರೆ. ಮೂರು ಮಳೆಗಾಲ ಕಳೆದಿದೆ. ಒಂದು ಸ್ವರವೂ ಕೆಟ್ಟಿಲ್ಲ.

ಅಜ್ಜ ಕಂಪನಿ ನಾಟಕಗಳಿಗೆ ಹಾಡಿನ ಮಟ್ಟು ಕೂರಿಸುತ್ತಿದ್ದರು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನೇ ಹೊರಗಿಟ್ಟಿತು, ಸುಮಾರು ಮೂವತ್ತು ವರ್ಷ ಒಳಗೆ ಬಿಡಲಿಲ್ಲ. ಪೇಟಿ ಬಿಟ್ಟು ಬಾ ಅಂದರೆ ಅಜ್ಜ ಹೋಗುವವರಲ್ಲ. ಹಾಗಾಗಿ ರೇಡಿಯೋದಲ್ಲಿ ಅವರದೇನೂ ಇಲ್ಲ, ಉಳಿದದ್ದು ಬಾದಾಮಿ ಹತ್ತಿರದ ಗುಳೇದಗುಡ್ಡದ ಈ ಮಣ್ಣಿನ ಮಾಳಿಗೆ ಮನೆ, ಕಾಲಲ್ಲಿ ತುಳಿಯುವ ಪೇಟಿ, ಹನ್ನೊಂದು ನೋಟ್‌ಬುಕ್, ಒಂದಿಷ್ಟು ಗ್ರಾಮಫೋನ್ ಪ್ಲೇಟು. ಬಂದವರು ನೋಡಲಿ ಅಂತ ಈ ಮನೆಯನ್ನು ತೆರೆದಿಟ್ಟಿದ್ದೇನೆ.

ಮೊದಲು ಎಡವಿದ್ದು ಮಾಳಿಗೆಯಲ್ಲಿ, ಅಂದರೆ ಮಣ್ಣು ಹಾಕಿದ ಚಾವಣಿಯಲ್ಲಿ. ಸೋರುತ್ತದೆ ಅಂತ ಗುತ್ತಿಗೆದಾರರೊಬ್ಬರ ಮಾತು ಕೇಳಿ ಮೇಲೆ ಸಿಮೆಂಟು ಎಳೆಸಿದೆ. ಅರವತ್ತು ಸಾವಿರವೋ ಎಪ್ಪತ್ತೋ ಹೋಯಿತು. ಬೇಸಿಗೆಗೆ ಕೂದಲೆಳೆ ಬಿರುಕು, ಮಳೆಗೆ ಅದರೊಳಗೆ ನೀರು. ಒಳಗಿನ ಮಣ್ಣಿಗೆ ಆರಲು ದಾರಿಯೇ ಇಲ್ಲ. ಎರಡು ಜಂತಿ ಲಡ್ಡಾದವು, ಗೆದ್ದಲು ಹತ್ತಿತು. ಸಿಮೆಂಟು ಒಡೆಸಲು ಮತ್ತೆ ಇಪ್ಪತ್ತು ಸಾವಿರ. ಕೊನೆಗೆ ಓಣಿಯ ಕಾಕಾ ಒಬ್ಬರು, ‘ಕರಲು ಮಣ್ಣ ಹಾಕೋ ತಮ್ಮಾ, ನಿಮ್ಮಜ್ಜ ಏನ್ ಹುಚ್ಚ ಇದ್ನೇನು?’ ಅಂದರು. ಕರಲು ಅಂದರೆ ಸವುಳು ಮಣ್ಣು. ಮೂರ್ನಾಲ್ಕು ಟ್ರ್ಯಾಕ್ಟರ್ ಹಾಕಿ ಬಡಿದೆವು. ಆಮೇಲೆ ಒಂದು ಹನಿ ಬಿದ್ದಿಲ್ಲ. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಕೈಯಾಡಿಸಬೇಕು, ಅಷ್ಟೇ.

ಪ್ಲೇಟುಗಳ ಕಥೆ ಹೇಳಲು ನಾಚಿಕೆ. ಬೂಸಲು ಹೋಗಲಿ ಅಂತ ಸ್ಪಿರಿಟ್ ಹಚ್ಚಿ ಒರೆಸಿದೆ. ಅವು ಅರಗಿನವು. ಸ್ಪಿರಿಟ್ಟಿಗೆ ಅರಗು ಕರಗುತ್ತದೆ ಅನ್ನುವುದು ಪಾಲಿಶ್ ಹಚ್ಚುವ ಯಾವ ಬಡಗಿಗೂ ಗೊತ್ತು, ನನಗೆ ಹೊಳೆಯಲಿಲ್ಲ! ಮೂರು ಪ್ಲೇಟು ಸತ್ತವು. ಉಳಿದವಕ್ಕೆ ನೀರು, ಒಂದು ಹನಿ ಸೋಪು, ಮೆತ್ತನೆ ಬ್ರಶ್. ಲೇಬಲ್ ನೆನೆಸಬೇಡಿ.

ಇನ್ನು ಪೇಟಿ. ಗಾಜಿನ ಪೆಟ್ಟಿಗೆಗೆ ಹದಿನೆಂಟು ಸಾವಿರ ಕೊಟ್ಟಿದ್ದೆ. ಒಂದೇ ಮಳೆಗಾಲಕ್ಕೆ ಗಾಳಿ ಊದುವ ತಿದಿಯ ಚರ್ಮಕ್ಕೆ ಬೂಸಲು, ಒಳಗಿನ ಉಣ್ಣೆ ಪಟ್ಟಿಗೆ ನುಸಿ, ಸ್ವರ ಹೊರಡಿಸುವ ರೀಡು ಹತ್ತಾರು ಮೂಕ. ಮೀರಜಿಗೆ ಒಯ್ದು ರಿಪೇರಿ ಮಾಡಿಸಿದೆ, ಒಂಬತ್ತು ಸಾವಿರದ ಆಸುಪಾಸು. ಗಾಳಿಯಾಡದಂತೆ ಮುಚ್ಚಿದರೆ ಕೆಡುತ್ತದೆ ಅನ್ನುವ ಮಾಳಿಗೆಯ ಪಾಠ ಆಗ ನೆನಪಾಯಿತು. ಗಾಜು ಮಾರಿಬಿಟ್ಟೆ. ದಿನಾ ಬೆಳಿಗ್ಗೆ ಹತ್ತು ನಿಮಿಷ ತುಳಿದು, ಕಪ್ಪು ಬಿಳಿ ಕೀ ಒಂದನ್ನೂ ಬಿಡದೆ ಒತ್ತುತ್ತೇನೆ. ಬಂದವರಿಗೂ ಒಂದು ಹಾಡು ಬಾರಿಸಲು ಬಿಡುತ್ತೇನೆ. ಹುಳಕ್ಕೆ ಬಜೆ ಬೇರು. ಅದರ ಜೊತೆ ಇನ್ನೊಂದು ಸಾಮಾನು ಇಡುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ನಡುವೆ ಸುಮ್ನೆ ಆಸೆಗೆ ನಮ್ಮೂರ ಖಣದ, ಅಂದರೆ ಕುಪ್ಪಸದ ಬಟ್ಟೆಯ ಹೊದಿಕೆ ಹೊಲಿಸಿದ್ದೆ. ನೋಡಲು ಚೆಂದ. ಇಲಿಗೂ ಚೆಂದ ಕಂಡಿತು.

ಒಟ್ಟು ಖರ್ಚು ನಾಲ್ಕು ಲಕ್ಷದ ಹತ್ತಿರ. ಅದರಲ್ಲಿ ಒಂದು ಲಕ್ಷಕ್ಕಿಂತ ಜಾಸ್ತಿ ನನ್ನ ದಡ್ಡತನದ ಬಾಬ್ತು. ಗಾಜಿನ ಕಾಲದಲ್ಲಿ ತಿಂಗಳಿಗೆ ಐದಾರು ಜನ ಬರುತ್ತಿದ್ದರು, ಈಗ ನಲವತ್ತಾದರೂ ಬರುತ್ತಾರೆ. ಬಾದಾಮಿ ನೋಡಿಕೊಂಡು ಇತ್ತ ಹೊರಳುವವರೇ ಹೆಚ್ಚು. ಡಬ್ಬಿಗೆ ಬೀಳುವ ದುಡ್ಡು ಕರೆಂಟ್ ಬಿಲ್ಲಿಗೆ ಸಾಕಾಗುತ್ತದೆ.

ಈಗ ನೋಟ್‌ಬುಕ್‌ಗಳ ಸರದಿ. ಲ್ಯಾಮಿನೇಶನ್ ಮಾಡಿಸು ಅಂತ ಎಲ್ಲರೂ ಬೆನ್ನು ಹತ್ತಿದ್ದಾರೆ. ಗಾಜಿನ ಪೆಟ್ಟಿಗೆ ಮಾಡಿಸು ಅಂದವರೂ ಇವರೇ ಅಲ್ವಾ?